ಪ್ಯಾರಾಮೆಡಿಕ್ ಸೈನ್ಸ್ ಸೇರ್ತಿರೋ ಮಕ್ಕಳ ಅಪ್ಪಅಮ್ಮಂದಿರಿಗೆ

ಎಲ್ಲರಿಗೂ ನಮಸ್ಕಾರ, ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಯೂನಿವರ್ಸಿಟಿಗಳಲ್ಲಿ ಪ್ಯಾರಾಮೆಡಿಕ್ ಸೈನ್ಸ್ ಶುರು ಮಾಡೋ ಮಕ್ಕಳು ನಮ್ಮ ಗ್ರೂಪಲ್ಲೂ ಇದಾರೆ ಅಂತ ಗೊತ್ತಾಯ್ತು, ನನ್ನ ಮಗಳು ಈಗ ಸೆಕೆಂಡ್ ಇಯರ್, ಅದಕ್ಕೆ ಎರಡು ಮಾತು.

ಮೊದಲು, ಊರಲ್ಲಿ ಅಜ್ಜಿ ತಾತಂಗೆ ಬಿಡಿಸಿ ಹೇಳಿ. ಅಲ್ಲಿ 'ಪ್ಯಾರಾಮೆಡಿಕಲ್' ಅಂದ್ರೆ ಲ್ಯಾಬು, ಎಕ್ಸ್‌ರೇ ಎಲ್ಲಾ ಸೇರುತ್ತೆ, ಇಲ್ಲಿ ಪ್ಯಾರಾಮೆಡಿಕ್ ಅಂದ್ರೆ ತುರ್ತು ನಂಬರ್ 999ಕ್ಕೆ ಕಾಲ್ ಮಾಡಿದ್ರೆ ಆಂಬುಲೆನ್ಸಲ್ಲಿ ಬರೋರು, ಎಚ್‌ಸಿಪಿಸಿ (ಆರೋಗ್ಯ ವೃತ್ತಿಯವರನ್ನ ನೋಂದಾಯಿಸೋ ಸಂಸ್ಥೆ) ರಿಜಿಸ್ಟ್ರೇಷನ್ ಇಲ್ದೆ ಆ ಹೆಸರು ಹಾಕ್ಕೊಳೋ ಹಾಗೇ ಇಲ್ಲ, ಕಾನೂನು. ನಮ್ಮತ್ತೆ ಇನ್ನೂ 'ಕಾಂಪೌಂಡರ್ ಕೋರ್ಸಾ' ಅಂತಾನೇ ಕೇಳ್ತಾರೆ ಬಿಡಿ 😄

ಈಗ್ಲೇ ಮಾಡ್ಬೇಕಾದ್ದು ಸಿ1 ಪ್ರೊವಿಜನಲ್ ಲೈಸೆನ್ಸ್, ಅಂದ್ರೆ ಕಾರಿಗಿಂತ ಭಾರದ ಗಾಡಿ ಓಡಿಸೋದು ಕಲಿಯೋಕೆ ಬೇಕಾದ ಲೈಸೆನ್ಸ್. 1997ರಿಂದೀಚೆಗೆ ಕಾರ್ ಟೆಸ್ಟ್ ಪಾಸಾದೋರಿಗೆ 3.5 ಟನ್ ದಾಟಿದ ಗಾಡಿ ಓಡಿಸೋಕೆ ಬೇರೆ ಟೆಸ್ಟೇ ಬೇಕು, ಆಂಬುಲೆನ್ಸ್ ಸಾಮಾನ್ಯವಾಗಿ ಅದಕ್ಕಿಂತ ಭಾರ ಇರುತ್ತೆ, ಪ್ರೊವಿಜನಲ್‌ಗೂ ಮೆಡಿಕಲ್ ಫಾರ್ಮಿಗೆ ಡಾಕ್ಟರ್ ಸೈನ್ ಬೇಕು, ನಾವು ಕೊನೇ ವಾರದಲ್ಲಿ ಓಡಾಡಿ ಸುಸ್ತಾದ್ವಿ. ಡಿಬಿಎಸ್ ಚೆಕ್ (ಕ್ರಿಮಿನಲ್ ರೆಕಾರ್ಡ್ ಇದ್ಯಾ ಅಂತ ನೋಡೋದು), ಹೆಪಟೈಟಿಸ್ ಬಿ ಲಸಿಕೆ ರೆಕಾರ್ಡು ಕೂಡ ಕೇಳ್ತಾರೆ, ಊರಲ್ಲಿ ಹಾಕ್ಸಿದ್ರೆ ಹಳೇ ಕಾರ್ಡ್ ಹುಡುಕಿಡಿ.

ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಲರ್ನಿಂಗ್ ಸಪೋರ್ಟ್ ಫಂಡಲ್ಲಿ ಅರ್ಹತೆ ಇದ್ರೆ ವರ್ಷಕ್ಕೆ 5,000 ಪೌಂಡ್ ಸಿಗುತ್ತೆ, ವಾಪಸ್ ಕಟ್ಟೋದು ಬೇಡ, ಆದ್ರೆ ಪ್ರತಿ ವರ್ಷ ಅಪ್ಲೈ ಮಾಡ್ಬೇಕು.

ಪ್ಲೇಸ್‌ಮೆಂಟ್ (ಓದೋವಾಗ್ಲೇ ಕೆಲಸದ ಜಾಗದಲ್ಲಿ ಮಾಡೋ ತರಬೇತಿ) ಅಂದ್ರೆ 12 ಗಂಟೆ ಶಿಫ್ಟು, ನೈಟೂ ಇರುತ್ತೆ. ಮೊದಲನೇ ಸಾವು ನೋಡಿ ಬಂದ ದಿನ ನನ್ನ ಮಗಳು ಮಾತೇ ಆಡ್ಲಿಲ್ಲ, ಬಿಸಿ ಅನ್ನ ಸಾರು ಹಾಕಿ ಸುಮ್ನೆ ಪಕ್ಕದಲ್ಲಿ ಕೂತಿದ್ದೆ. ಏನಾದ್ರೂ ಕೇಳ್ಬೇಕಿದ್ರೆ ಪರ್ಸನಲ್ ಮೆಸೇಜ್ ಮಾಡಿ, ಗ್ರೂಪಲ್ಲಿ ಗುಡ್ ಮಾರ್ನಿಂಗ್ ಫೋಟೋಗಳ ಮಧ್ಯೆ ಕಳೆದೋಗುತ್ತೆ.