ಶನಿವಾರದ ಚರ್ಚೆ: ಅಮೆರಿಕದ ಶಟ್‌ಡೌನ್

ಎಲ್ಲರಿಗೂ ನಮಸ್ಕಾರ. ಈ ಸಲ ಅಮೆರಿಕ ಸರ್ಕಾರದ ಶಟ್‌ಡೌನ್ ಬಗ್ಗೆ ಮಾತಾಡೋಣ. ಅಂದರೆ ಖರ್ಚಿನ ಮಸೂದೆ ಪಾಸಾಗದೆ, ಹಣವಿಲ್ಲದೆ ಸರ್ಕಾರದ ಎಷ್ಟೋ ಕೆಲಸ ನಿಲ್ಲುವುದು. 2025ರ ಅಕ್ಟೋಬರ್ 1ರಿಂದ 43 ದಿನ ನಡೆಯಿತು. ಇಷ್ಟು ಉದ್ದದ್ದು ಅಲ್ಲಿ ಹಿಂದೆ ಆಗಿರಲಿಲ್ಲ. ಜಗಳ ಮುಖ್ಯವಾಗಿ ಆರೋಗ್ಯ ವಿಮೆಯ ಸಬ್ಸಿಡಿಯದ್ದು. ಸೆನೆಟ್‌ನಲ್ಲಿ (ಅಲ್ಲಿನ ಸಂಸತ್ತಿನ ಮೇಲ್ಮನೆ) ಇಂಥ ಮಸೂದೆ ಮುಂದೆ ಹೋಗಲು 100ರಲ್ಲಿ 60 ಮತ ಬೇಕು, ಯಾವ ಪಕ್ಷದ ಹತ್ತಿರವೂ ಅಷ್ಟಿರಲಿಲ್ಲ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ವಿಮಾನ ಇಳಿಸುವ, ಏರಿಸುವ ಕಂಟ್ರೋಲರ್‌ಗಳು ಸಂಬಳವಿಲ್ಲದೆ ದುಡಿದರು. ಕೊನೆಗೆ ಕೆಲಸಕ್ಕೆ ಜನ ಸಾಲದೆ 40 ದೊಡ್ಡ ವಿಮಾನ ನಿಲ್ದಾಣಗಳಲ್ಲಿ ವಿಮಾನಗಳನ್ನೇ ಕಡಿಮೆ ಮಾಡಬೇಕಾಯಿತು. ಸಂಸದರ ಸಂಬಳಕ್ಕೆ ಮಾತ್ರ ಸಂವಿಧಾನದ ರಕ್ಷಣೆ! ನೌಕರರಿಗೆ ಬಾಕಿ ಆಮೇಲೆ ಸಿಗುತ್ತದೆ, ನಿಜ. ಮನೆ ಬಾಡಿಗೆ ಅಲ್ಲಿವರೆಗೆ ಕಾಯುತ್ತಾ?

ಒಪ್ಪದವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಫಾರ್ವರ್ಡ್ ಹಾಕಬೇಡಿ, ನಿಮ್ಮದೇ ನಾಲ್ಕು ಸಾಲು ಸಾಕು.