‘ಟಾಕಿ’ ತಪ್ಪು ಪದವಲ್ಲ

ಮಾನ್ಯರೇ,

ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ‘ನಮ್ಮ ಮನೆ’ ಎಂಬ ಪ್ರಬಂಧದಲ್ಲಿ ‘ಮಾಳಿಗೆಯ ಮೇಲೆ ನೀರಿನ ಟಾಕಿ ಇದೆ’ ಎಂದು ಬರೆದಿದ್ದಳು. ‘ಟಾಕಿ’ಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ಟ್ಯಾಂಕ್’ ಎಂದು ತಿದ್ದಲಾಗಿದೆ. ಇಂಗ್ಲಿಷ್ ಪದವನ್ನು ನಾವು ಬಾಯಿಗೆ ಬಂದಂತೆ ಕೆಡಿಸಿ ಆಡುತ್ತೇವೆ ಎಂಬ ನಂಬಿಕೆ ಆ ತಿದ್ದುಪಡಿಯ ಹಿಂದಿದೆ. ನಮ್ಮ ಬೀದರ್, ಕಲಬುರಗಿ ಭಾಗದ ಓದಿದವರಲ್ಲಿಯೂ ಇದೇ ನಂಬಿಕೆ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಗುಜರಾತಿಯ ‘ಟಾಂಕುಂ’, ಮರಾಠಿಯ ‘ಟಾಕೆ’ ಎಂಬ ಪದಗಳಿಗೆ ನೀರು ಕೂಡಿಡುವ ಕುಂಡ ಎಂದು ಅರ್ಥ. ಅಹಮದಾಬಾದಿನ ಹಳೆಯ ಮನೆಗಳ ಅಂಗಳದಡಿಯಲ್ಲಿ ಮಳೆನೀರಿಗಾಗಿ ಕಟ್ಟಿದ್ದೂ, ಶಿವನೇರಿ ಕೋಟೆಯಲ್ಲಿ ಬಂಡೆ ಕೊರೆದು ಮಾಡಿದ್ದೂ ಇಂಥವನ್ನೇ. ರಾಜಸ್ಥಾನದವರು ಇದನ್ನು ‘ಟಾಂಕಾ’ ಎನ್ನುತ್ತಾರೆ. 17ನೇ ಶತಮಾನದ ಆರಂಭದಲ್ಲಿ ಪಶ್ಚಿಮ ಕರಾವಳಿಗೆ ವ್ಯಾಪಾರಕ್ಕೆಂದು ಬಂದ ಇಂಗ್ಲಿಷರ ಬರವಣಿಗೆಯನ್ನು ಈ ಪದ ಸೇರಿತೆಂದು ಅವರದೇ ನಿಘಂಟುಗಳು ಹೇಳುತ್ತವೆ. ಹರಿವನ್ನು ತಡೆದು ನಿಲ್ಲಿಸುವುದು ಎಂಬ ಮೂಲಾರ್ಥದಿಂದ ಬಂದ ಪೋರ್ಚುಗೀಸರ ‘ಟಾಂಕೆ’ಯ ಪ್ರಭಾವವೂ ಇದರಲ್ಲಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅದನ್ನು ಒಪ್ಪಿದರೂ, ಮರಾಠಿ ಮತ್ತು ಕನ್ನಡ ಒಂದೇ ಮನೆಯಲ್ಲಿ ಬದುಕುವ ಭಾಲ್ಕಿ, ಔರಾದ ಕಡೆಯ ನಮ್ಮ ‘ಟಾಕಿ’ ಲಂಡನ್ನಿನಿಂದ ಬಂದದ್ದಲ್ಲ, ನೆರೆಮನೆಯಿಂದ ಬಂದದ್ದು ಎಂದೇ ನಾನು ತಿಳಿದಿದ್ದೇನೆ.

ಇಂಗ್ಲಿಷಿನಲ್ಲಿ ಈ ಪದದ ಅರ್ಥ ಹಿಗ್ಗುತ್ತಲೇ ಹೋಯಿತು. ದ್ರವ ತುಂಬುವ ದೊಡ್ಡ ಪಾತ್ರೆ, ವಾಹನದ ಎಣ್ಣೆಯ ಡಬ್ಬಿ ಎಲ್ಲಕ್ಕೂ ಅದೇ ಹೆಸರಾಯಿತು. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಉಕ್ಕಿನ ಹೊದಿಕೆಯ ಯುದ್ಧವಾಹನವನ್ನು ರಹಸ್ಯವಾಗಿ ತಯಾರಿಸುವಾಗ, ನೋಡಿದವರು ನೀರು ಸಾಗಿಸುವ ಪಾತ್ರೆ ಎಂದು ನಂಬಲಿ ಎಂದು ಅದಕ್ಕೂ ‘ಟ್ಯಾಂಕ್’ ಎಂಬ ಹುಸಿಹೆಸರು ಇಟ್ಟರು. 1916ರ ಸೆಪ್ಟೆಂಬರ್ 15ರಂದು, ಮೊದಲ ಮಹಾಯುದ್ಧದ ಸೊಮ್ ಕಾಳಗದಲ್ಲಿ ಅದು ಮೊದಲ ಬಾರಿ ರಣರಂಗಕ್ಕೆ ಇಳಿಯಿತು. ಗುಟ್ಟು ಬಯಲಾದ ಮೇಲೆಯೂ ಹೆಸರು ಬಿಡಲಿಲ್ಲ.

ನನಗೆ ಹೆಚ್ಚು ನೋವಾಗುವುದು ಇನ್ನೊಂದು ಕಾರಣಕ್ಕೆ. ದಕ್ಷಿಣ ಭಾರತಕ್ಕೆ ಬಂದ ಇಂಗ್ಲಿಷರು ಇಲ್ಲಿನ ಕೆರೆಗಳನ್ನೂ ‘ಟ್ಯಾಂಕ್’ ಎಂದು ಬರೆದರು. ಹೈದರಾಬಾದಿನ ಹುಸೇನ್ ಸಾಗರದ ಏರಿಗೆ ‘ಟ್ಯಾಂಕ್ ಬಂಡ್’ ಎಂದೇ ಹೆಸರು ನಿಂತಿದೆ. ಕೆರೆಗೆ ಏರಿ, ತೂಬು, ಕೋಡಿ, ನೀರು ಹರಿದು ಬರುವ ಹಳ್ಳ, ಕೆಳಗಿನ ಗದ್ದೆ ಎಲ್ಲವೂ ಸೇರಿರುತ್ತವೆ. ಬೀದರಿನ ಪಾಪನಾಶ ಕೆರೆಯನ್ನೂ ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಪಾತ್ರೆಯನ್ನೂ ಒಂದೇ ಪದದಿಂದ ಕರೆದರೆ, ಒಂದು ತುಂಬಲು ಊರಿನ ಸುತ್ತಲಿನ ನೆಲವೇ ಬೇಕು, ಇನ್ನೊಂದಕ್ಕೆ ಮೋಟಾರು ಸಾಕು ಎಂಬ ವ್ಯತ್ಯಾಸ ಮಕ್ಕಳಿಗೆ ಹೇಗೆ ತಿಳಿಯಬೇಕು? ಕನ್ನಡದಲ್ಲಿ ಈ ಗೊಂದಲವೇ ಇಲ್ಲ: ಅದು ಕೆರೆ, ಇದು ಟಾಕಿ.

ಆದ್ದರಿಂದ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಾದರೂ ಕೆರೆಯನ್ನು ಕೆರೆ ಎಂದೂ ಟಾಕಿಯನ್ನು ಟಾಕಿ ಎಂದೂ ಅಚ್ಚು ಮಾಡಬೇಕೆಂದು ವಿನಂತಿಸುತ್ತೇನೆ. ಮಕ್ಕಳು ಮನೆಯಲ್ಲಿ ಕೇಳಿ ಕಲಿತ ಪದವನ್ನು ಹೊಡೆದುಹಾಕುವ ಮುನ್ನ ಅದು ಎಲ್ಲಿಂದ ಬಂತೆಂದು ಒಮ್ಮೆ ವಿಚಾರಿಸಿ ನೋಡಬೇಕೆಂದು ಶಿಕ್ಷಕ ಬಂಧುಗಳನ್ನೂ ಕೇಳಿಕೊಳ್ಳುತ್ತೇನೆ.

— ಒಬ್ಬ ಓದುಗ, ಭಾಲ್ಕಿ, ಬೀದರ್ ಜಿಲ್ಲೆ