ಆಪರೇಟರ್ ರೂಮಿನ ಕಿಂಡಿಯಿಂದ

ನವನಗರ, ಬಾಗಲಕೋಟೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ನಗುತ್ತಾ ಹೇಳಿದ ಮಾತು ತಲೆಯಿಂದ ಹೋಗ್ತಾನೇ ಇಲ್ಲ. ಕಾಲೇಜಿನಲ್ಲಿ ಸಿನಿಮಾ ಪಾಠದ ಮೊದಲ ದಿನ ನಿಮ್ಮ ಸರ್, ಇಷ್ಟದ ಸಿನಿಮಾ ಯಾವುದು ಅಂತ ಎಲ್ಲರನ್ನೂ ಕೇಳಿದರು. ಒಬ್ಬ ಹುಡುಗ 'ಕೆಜಿಎಫ್' ಅಂದ. ಸರ್ ಬೈಯಲಿಲ್ಲ. ಸಣ್ಣಗೆ ನಕ್ಕು ಮುಂದಿನವರ ಕಡೆ ತಿರುಗಿದರು. ಅದನ್ನು ನೋಡಿ ನೀನು ಸತ್ಯಜಿತ್ ರಾಯ್ ಅವರ ಹಳೇ ಬಂಗಾಳಿ ಸಿನಿಮಾ 'ಪಥೇರ್ ಪಾಂಚಾಲಿ' ಹೆಸರು ಹೇಳಿಬಿಟ್ಟೆ. ಇವತ್ತಿಗೂ ಅದನ್ನು ನೋಡಿಲ್ಲ ಅಂತೀಯ! 2018ರಲ್ಲಿ ನಿನ್ನನ್ನು ಕೆಜಿಎಫ್‌ಗೆ ಮೂರು ಸಲ ಕರೆದುಕೊಂಡು ಹೋದವನು ನಾನು. ನನ್ನ ಮುಂದೆ ಈ ಆಟ ನಡೆಯಲ್ಲ.

ನಿನಗೆ ಗೊತ್ತಲ್ವಾ, ಕಿರಾಣಿ ಅಂಗಡಿ ಇಡೋಕೆ ಮುಂಚೆ ನಾನು ಟಾಕೀಸಿನಲ್ಲಿ ಆಪರೇಟರ್. ಎರಡು ಪ್ರೊಜೆಕ್ಟರ್ ಮಷಿನ್ನು. ಒಂದರಲ್ಲಿ ರೀಲು ಓಡುವಾಗ ಇನ್ನೊಂದರಲ್ಲಿ ಮುಂದಿನದು ತಯಾರು. ರೀಲು ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತಿತ್ತು. ಅದು ಕಂಡ ಕೂಡಲೇ ಎರಡನೇ ಮಷಿನ್ ಚಾಲೂ. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ, ಆಗ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ಬೆಳಕು ಕೊಡೋ ಕಾರ್ಬನ್ ಕಡ್ಡಿ ಉರಿದು ಸವೆದಂತೆ ಹತ್ತಿರ ಸರಿಸುತ್ತಿರಬೇಕು. ಮರೆತರೆ ಪರದೆ ಮಸುಕಾಗಿ ಕೆಳಗಿನಿಂದ ಸೀಟಿ. ಕಥೆ ಎರಡೇ ದಿನಕ್ಕೆ ಬಾಯಿಪಾಠ. ಆಮೇಲೆ ನಾನು ಕಿಂಡಿಯಿಂದ ನೋಡುತ್ತಿದ್ದುದು ಜನರ ತಲೆಗಳನ್ನು. ಯಾವ ಹಾಡಿಗೆ ಬೀಡಿ ಸೇದೋಕೆ ಏಳ್ತಾರೆ, ಎಲ್ಲಿ ಸೆರಗು ಕಣ್ಣಿಗೆ ಹೋಗುತ್ತೆ, ಎಲ್ಲಾ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಕೆಲವು ಕಾಲೇಜು ಮಾಸ್ತರುಗಳು ಸೇರಿ 'ಘಟಶ್ರಾದ್ಧ' ತರಿಸಿದರು. ಗಿರೀಶ್ ಕಾಸರವಳ್ಳಿಯವರ 1977ರ ಸಿನಿಮಾ, ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಬಂದದ್ದು. ಕಪ್ಪು ಬಿಳುಪು. ಮೂರು ಸಾಲೂ ತುಂಬಿರಲಿಲ್ಲ. ನಾನಂತೂ ನಿದ್ದೆಗೆ ತಯಾರಾಗಿದ್ದೆ. ನಮ್ಮಲ್ಲಿ ಕಸ ಗುಡಿಸೋ ಒಬ್ಬ ಆಯಿ ಇದ್ದಳು. ಮಧ್ಯಾಹ್ನದ ಆಟಕ್ಕೆ ಗುಡಿಸಲು ಬೇಗ ಬಂದವಳು ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕೊನೆಗೆ ಆ ವಿಧವೆ ಹುಡುಗಿಯ ತಲೆ ಬೋಳಿಸಿ ಊರ ಹೊರಗೆ ಕೂರಿಸಿರುತ್ತಾರೆ. ಚಿಕ್ಕ ಹುಡುಗ ಅಪ್ಪನ ಜೊತೆ ಹೊರಟುಹೋಗುತ್ತಾನೆ. ದೀಪ ಹಾಕಿದ ಮೇಲೂ ಆಯಿ ಏಳಲಿಲ್ಲ. 'ತಮ್ಮಾ, ಆ ಹುಡುಗೀನ ಒಬ್ಬಾಕೀನ ಬಿಟ್ಟು ಎಲ್ಲಾರೂ ಹೋದ್ರಲ್ಲೋ' ಅಂದಳು. ಅವತ್ತು ಗುಡಿಸೋದು ತಡವಾಗಿ ಮಾಲೀಕರ ಕೈಲಿ ಬೈಸಿಕೊಂಡಳು.

ಹೊರಗೆ ಚಹಾದಂಗಡಿಯಲ್ಲಿ ಮಾಸ್ತರೊಬ್ಬರು, 'ಈ ಊರಿನ ಜನಕ್ಕೆ ಇಂಥದ್ದೆಲ್ಲ ಎಲ್ಲಿ ತಿಳಿಬೇಕು' ಅಂತಿದ್ದರು. ಅದೇ ಆಯಿ ರಾಜಕುಮಾರ್ ಸಿನಿಮಾ ಬದಲಾಗೋ ದಿನ ಪೋಸ್ಟರ್ ಬಿಚ್ಚಿ, ಮಡಚಿ, ಮನೆಗೆ ಒಯ್ಯುತ್ತಿದ್ದಳು. ಒಂದು ನೋಡಿದ್ದಕ್ಕೆ ಇನ್ನೊಂದು ಬಿಡಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಗಂತ ನಿಮ್ಮ ಸರ್ ಮೇಲೆ ನನಗೆ ಸಿಟ್ಟಿಲ್ಲ. ಕೆಜಿಎಫ್ ನೋಡೋಕೆ ಯಾರೂ ಫೀಸು ಕಟ್ಟಬೇಕಿಲ್ಲ, ಅದು ತಾನಾಗೇ ಸಿಗುತ್ತೆ. ಅವರು ತೋರಿಸದಿದ್ದರೆ ಹಳೇ ಜಪಾನಿ ಸಿನಿಮಾ ನಮ್ಮ ಮನೆಗೆ ಬರುತ್ತಿತ್ತಾ? ದಸರೆಗೆ ಬಂದಾಗ ನೀನು ಪೆನ್‌ಡ್ರೈವ್‌ನಲ್ಲಿ ತಂದ 'ಸೆವೆನ್ ಸಮುರಾಯ್' ನೆನಪಿದೆಯಾ? ಕುರೊಸಾವಾ ಅವರ 1954ರದ್ದು, ಸುಮಾರು ಮೂರೂವರೆ ತಾಸು. ಮಳೆಯಲ್ಲಿ, ಕೆಸರಲ್ಲಿ ಆ ಕೊನೆಯ ಕಾದಾಟ ಮುಗಿಯೋ ಹೊತ್ತಿಗೆ ನನ್ನ ಚಹಾ ಆರಿ ನೀರಾಗಿತ್ತು. ನಿಮ್ಮವ್ವ ರೊಟ್ಟಿ ಬಡಿಯುತ್ತಾ ಒಳಗಿಂದಲೇ, 'ಊರು ಕಾಯಾಕ ಬಾಡಿಗಿ ಮಂದಿ ತರೋದು... ಇದು ಶೋಲೆನ ಅಲ್ಲೇನ್ರೀ?' ಅಂದಳು. ಶೋಲೆ ಬಂದದ್ದು 1975ರಲ್ಲಿ, ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದದ್ದು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಈ ಮಾತನ್ನು ನಿಮ್ಮ ಸರ್‌ಗೆ ಹೇಳು, ಖುಷಿಪಡಬಹುದು.

ಆ ನಗು ಮಾತ್ರ ಸರಿ ಅಲ್ಲ. ಆ ಹುಡುಗ ನಿಜ ಹೇಳಿದ್ದ. ಇನ್ನು ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ನೋಡದೇ ಇರೋದನ್ನು ಹೊಗಳ್ತಾರೋ, ಶಿವನಿಗೇ ಗೊತ್ತು.

ಒಂದು ಕೆಲಸ ಮಾಡು, ಯವ್ವಾ. ಕೆಜಿಎಫ್‌ನಲ್ಲಿ ಆ ತಾಯಿಯ ಕೈಯಿಂದ ಬನ್ನು ರಸ್ತೆಗೆ ಬೀಳುತ್ತಲ್ಲ, ಹೀರೋ ಗಾಡಿಗಳನ್ನೆಲ್ಲ ನಿಲ್ಲಿಸ್ತಾನಲ್ಲ. ಮೂರೂ ಸಲ ಅಲ್ಲಿಗೆ ಬಂದಾಗ ನೀನು ನನ್ನ ಕೈ ಹಿಡಿದೆ. ಮೂರನೇ ಸಲ ಏನಾಗುತ್ತೆ ಅಂತ ಗೊತ್ತಿದ್ದೂ ಯಾಕೆ ಹಿಡಿದೆ? ಅದನ್ನು ನಾಲ್ಕು ಪುಟ ಬರೆದು ನಿಮ್ಮ ಸರ್‌ಗೆ ಕೊಡು. ಆಮೇಲೆ ಪಥೇರ್ ಪಾಂಚಾಲಿ ನೋಡು. ನೋಡಿ ಬೇಜಾರಾದರೆ ಅದನ್ನೂ ಬರಿ, ಎಲ್ಲಿ ಬೇಜಾರಾಯ್ತು ಅಂತ.

ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಬಾ. ನಾಟಕ ಕಂಪನಿಗಳು ಟೆಂಟು ಹೊಡೆದಿರುತ್ತವೆ. ನಿಮ್ಮ ಸರ್‌ಗೆ ಬಿಡುವಿದ್ದರೆ ಅವರನ್ನೂ ಕರೆ, ಟಿಕೆಟ್ ನನ್ನದು. ಹಿಂದಿನ ಸಾಲಿನಲ್ಲೇ ಕೂರೋಣ. ಮುಂದೆ ಕೂತವರ ತಲೆಗಳು ಕಾಣಬೇಕು.

ಹಾಸ್ಟೆಲ್ ದುಡ್ಡು ಸೋಮವಾರ ಹಾಕ್ತೀನಿ. ನಿಮ್ಮವ್ವ ಶೇಂಗಾ ಚಟ್ನಿ ಕಳಿಸಿದ್ದಾಳೆ, ಒಬ್ಬಳೇ ತಿನ್ನಬೇಡ.

ನಿನ್ನ ಅಪ್ಪ